ಫೋಟೋ ಮಗ್ಗಕ್ಕೆ ಇಳಿದ ಮೇಲೆ ಡಿಸೈನ್ ಯಾರದ್ದು?

ಮದುವೆ ಮನೆಯಲ್ಲಿ ಯಾರೋ ಉಟ್ಟ ಸೀರೆಯ ಅಂಚು ಇನ್ಯಾರಿಗೋ ಇಷ್ಟವಾಗುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೋ. ಅದು ವಾಟ್ಸಾಪ್‌ನಲ್ಲಿ ಸೀರೆ ಅಂಗಡಿಗೆ ಹೋಗುತ್ತದೆ, ಅಂಗಡಿಯಿಂದ ಪವರ್‌ಲೂಮ್ ಮಾಲೀಕರಿಗೆ, ಅಲ್ಲಿಂದ ಡಿಸೈನ್ ಮಾಡಿಕೊಡುವ ಹುಡುಗನಿಗೆ. ಅವನು ಕಂಪ್ಯೂಟರ್ ಮುಂದೆ ಕೂತು ಫೋಟೋವನ್ನು ತೆರೆಯುತ್ತಾನೆ, ಸೊಟ್ಟಗಿದ್ದರೆ ನೇರ ಮಾಡುತ್ತಾನೆ, ಬೇಕಾದಷ್ಟನ್ನು ಕತ್ತರಿಸಿಕೊಳ್ಳುತ್ತಾನೆ, ಬಣ್ಣ ಕಡಿಮೆ ಮಾಡುತ್ತಾನೆ, ಗ್ರಾಫ್ ಆಗಿ ಬದಲಾಯಿಸುತ್ತಾನೆ. ಕೊನೆಗೆ ಒಂದು ಫೈಲು, ಒಂದು ಪೆನ್‌ಡ್ರೈವ್. ಅದನ್ನು ಎಲೆಕ್ಟ್ರಾನಿಕ್ ಜಕಾರ್ಡ್‌ಗೆ, ಅಂದರೆ ಮಗ್ಗದ ಮೇಲೆ ಕೂತು ಎಳೆ ಎತ್ತಿ ಚಿತ್ರ ಮೂಡಿಸುವ ಯಂತ್ರಕ್ಕೆ ಚುಚ್ಚಿದರೆ ಅದೇ ಅಂಚು ಬೇರೆ ಊರಿನಲ್ಲಿ, ಬೇರೆ ದಾರದಲ್ಲಿ, ಅರ್ಧ ಬೆಲೆಗೆ ಇಳಿಯತೊಡಗುತ್ತದೆ.

ಇದರಲ್ಲಿ ಕಳ್ಳತನ ಎಲ್ಲಿದೆ, ಕಸುಬು ಎಲ್ಲಿದೆ ಅಂತ ಗೆರೆ ಎಳೆಯುವುದು ಕಷ್ಟ. ಡಿಸೈನ್ ನೋಡಿ ಕಲಿಯುವುದು, ನೋಡಿ ನೇಯುವುದು ಮೊದಲಿಂದಲೂ ಇದೆ. ಹಾಗಾದರೆ ಈಗ ಬದಲಾಗಿದ್ದೇನು? ಎಲ್ಲರೂ ಬೊಟ್ಟು ಮಾಡುವುದು ಕಂಪ್ಯೂಟರ್ ಕಡೆಗೆ, ಈಚೆಗೆ ಎಐ ಕಡೆಗೆ. ನನಗೆ ಅನ್ನಿಸುವುದೇ ಬೇರೆ. ನೇಕಾರರ ಡಿಸೈನ್‌ಗೆ ಅಷ್ಟು ಕಾಲ ಬೇಲಿಯಾಗಿ ನಿಂತಿದ್ದು ಯಾವ ಕಾನೂನೂ ಅಲ್ಲ. ಚಿತ್ರವನ್ನು ಮಗ್ಗಕ್ಕೆ ಒಗ್ಗಿಸುವಾಗ ಆಗುತ್ತಿದ್ದ ತಿಂಗಳುಗಟ್ಟಲೆ ದುಡಿಮೆಯೇ ಬೇಲಿಯಾಗಿತ್ತು. ಆ ದುಡಿಮೆಯನ್ನು ಫೋಟೋದಿಂದ ತಪ್ಪಿಸಬೇಕು ಅನ್ನುವ ಪ್ರಯತ್ನಕ್ಕೆ 125 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಅದು ಪೂರ್ತಿ ಕೈಗೂಡಿದ್ದು ಮಾತ್ರ ನಮ್ಮ ಕಾಲದಲ್ಲಿ.

24,000 ಕಾರ್ಡುಗಳ ಮುಖ

ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ 1800ರ ಆಸುಪಾಸಿನಲ್ಲಿ ತನ್ನ ಯಂತ್ರವನ್ನು ರೂಪಿಸಿದ. ಅದರ ಕೆಲಸ ಕೇಳಲು ಸರಳ. ಮಗ್ಗದ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ಸಾಲಾಗಿ ಹುಕ್ಕುಗಳು. ಒಂದೊಂದು ಹುಕ್ಕಿಗೂ ಹಾಸಿನ ಎಳೆಗಳು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಜೋಡಿಸಿರುತ್ತವೆ. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದ ಕಡೆ ಹುಕ್ಕು ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಎದ್ದ ಎಳೆಗಳ ಕೆಳಗೆ ಲಾಳಿ ಓಡುತ್ತದೆ. ಲಾಳಿ ಹೀಗೆ ಅಡ್ಡಕ್ಕೆ ಹಾಯಿಸುವ ಎಳೆಯೇ ಹೊಕ್ಕು. ಒಂದು ಹೊಕ್ಕಿಗೆ ಒಂದು ಕಾರ್ಡು. ಚಿತ್ರ ಎಷ್ಟು ಉದ್ದವೋ ಕಾರ್ಡಿನ ಮಾಲೆಯೂ ಅಷ್ಟು ಉದ್ದ.

ಇದರಿಂದ ನೇಯುವವರ ಕಷ್ಟ ಇಳಿಯಿತು. ಮೊದಲು ಮಗ್ಗದ ಮೇಲೋ ಪಕ್ಕದಲ್ಲೋ ಒಬ್ಬ ಹುಡುಗ ಕೂತು, ಯಾವ ಎಳೆ ಎತ್ತಬೇಕೋ ಆ ಹುರಿ ಎಳೆಯಬೇಕಿತ್ತು. ಆ ಹುಡುಗನ ಕೆಲಸ ಹೋಯಿತು. ಆದರೆ ಕಷ್ಟ ಪೂರ್ತಿ ಮಾಯವಾಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ಈಗ ಚೌಕುಳಿ ಹಾಳೆಯ ಮೇಲೆ ಡಿಸೈನ್ ಬರೆಯುವವನ ತಲೆಮೇಲೆ ಬಂತು. ಒಂದೊಂದು ಚೌಕ ಅಂದರೆ ಹಾಸಿನ ಒಂದು ಎಳೆ ಹೊಕ್ಕಿನ ಒಂದು ಎಳೆಯನ್ನು ದಾಟುವ ಜಾಗ. ಬಣ್ಣ ತುಂಬಿದ ಚೌಕದಲ್ಲಿ ಎಳೆ ಮೇಲೆ, ಖಾಲಿ ಚೌಕದಲ್ಲಿ ಕೆಳಗೆ. ಕುಂಚ ಹಿಡಿದು ಒಂದೊಂದೇ ಚೌಕ ತುಂಬಬೇಕು. ಆಮೇಲೆ ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದುತ್ತಾ ಕಾರ್ಡಿನಲ್ಲಿ ತೂತು ಹೊಡೆಯಬೇಕು.

1839ರಲ್ಲಿ ಲಿಯೋನಿನ ನೇಕಾರ ಮಿಶೆಲ್ ಮರಿ ಕಾರ್ಕಿಯಾ ಜಕಾರ್ಡ್‌ನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದ. ಅದಕ್ಕೆ 24,000 ಕಾರ್ಡು ಬೇಕಾಯಿತು. ಕಂಪ್ಯೂಟರ್‌ನ ಪಿತಾಮಹ ಅನ್ನಿಸಿಕೊಂಡ ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನ ತನ್ನ ಮನೆಯಲ್ಲಿ ಇದರ ಒಂದು ಪ್ರತಿ ಇಟ್ಟುಕೊಂಡಿದ್ದ. ನೋಡಿದವರು ಇದು ಬಟ್ಟೆ ಅಂತ ನಂಬುತ್ತಿರಲಿಲ್ಲ, ಅಚ್ಚು ಹಾಕಿದ ಚಿತ್ರ ಅಂದುಕೊಳ್ಳುತ್ತಿದ್ದರು. ಅದೇ 1839ರಲ್ಲಿ, ಅದೇ ಫ್ರಾನ್ಸಿನಲ್ಲಿ, ದಾಗೆರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ತೋರಿಸಿದ. ಮುಖವನ್ನು ಬೆಳಕೇ ಬರೆದುಕೊಳ್ಳುವ ವಿಧಾನ ಒಂದು ಕಡೆ, 24,000 ರಟ್ಟಿಗೆ ಕೈಯಲ್ಲಿ ತೂತು ಹೊಡೆದು ಮುಖ ತರುವ ವಿಧಾನ ಇನ್ನೊಂದು ಕಡೆ. ಇವೆರಡನ್ನೂ ಸೇರಿಸಿದರೆ ಹೇಗೆ ಅನ್ನುವ ಯೋಚನೆ ಯಾರಿಗಾದರೂ ಬರಲೇಬೇಕಿತ್ತು. ಬಂತು, ಆದರೆ ಅರ್ಧ ಶತಮಾನ ತಡವಾಗಿ.

ಹಳ್ಳಿ ಮೇಷ್ಟ್ರ ಯಂತ್ರ

ಯಾನ್ ಶ್ಚೆಪಾನಿಕ್ ಹುಟ್ಟಿದ್ದು 1872ರಲ್ಲಿ, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿದ್ದ ಗಲಿಷಿಯಾ ಪ್ರಾಂತ್ಯದಲ್ಲಿ. ಪೋಲಿಷ್ ಮನುಷ್ಯ. ಕ್ರೊಸ್ನೊ ಸುತ್ತಮುತ್ತ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದ. ಅದು ನೇಕಾರರ ಸೀಮೆ. ಚೌಕುಳಿ ಹಾಳೆ ಮೇಲೆ ಕಣ್ಣು ಹಾಳು ಮಾಡಿಕೊಳ್ಳುವ ಕೆಲಸ ಅವನಿಗೆ ಹತ್ತಿರದಿಂದ ಗೊತ್ತಿತ್ತು. 1890ರ ದಶಕದ ಕೊನೆಗೆ ಅವನು ವಿಯೆನ್ನಾದಲ್ಲಿದ್ದ. ಲುಡ್ವಿಗ್ ಕ್ಲೈನ್‌ಬರ್ಗ್ ಅನ್ನುವವರು ಹಣ ಹಾಕಿದ್ದರು. ಇಬ್ಬರೂ ಸೇರಿ ಫೋಟೋದಿಂದ ನೇಯ್ಗೆ ಡಿಸೈನ್ ಮಾಡುವ ಯಂತ್ರ ಕಟ್ಟಿದರು.

ಅದರ ಹಿಂದಿನ ಉಪಾಯ ಆ ಕಾಲದ ಪತ್ರಿಕೆ ಮುದ್ರಣದಲ್ಲೇ ಇತ್ತು. ಹಳೆಯ ಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣ ಅಂತ ಅಲ್ಲಿ ಇರುವುದೇ ಇಲ್ಲ. ದೊಡ್ಡ ಕಪ್ಪು ಚುಕ್ಕಿ, ಸಣ್ಣ ಕಪ್ಪು ಚುಕ್ಕಿ, ಅಷ್ಟೇ. ಗೆರೆ ಕೊರೆದ ಗಾಜಿನ ಜಾಲರಿಯ ಮೂಲಕ ಫೋಟೋ ತೆಗೆದರೆ ನೆರಳು ಬೆಳಕು ತಾನಾಗಿ ಚುಕ್ಕಿಗಳಾಗಿ ಒಡೆಯುತ್ತದೆ. ಶ್ಚೆಪಾನಿಕ್ ಇದೇ ಜಾಲರಿಯನ್ನು ನೇಯ್ಗೆಗೆ ತಂದ. ಚಿತ್ರವನ್ನು ಜಾಲರಿ ಮೂಲಕ ಹಾಯಿಸಿದರೆ ಅದು ಚೌಕಗಳಾಗಿ ಒಡೆಯುತ್ತದೆ. ಎಲ್ಲಿ ನೆರಳು ದಟ್ಟವೋ ಅಲ್ಲಿ ಒಂದು ಬಗೆಯ ಚುಕ್ಕಿ, ಎಲ್ಲಿ ತೆಳುವೋ ಅಲ್ಲಿ ಇನ್ನೊಂದು ಬಗೆ. ಆ ಚುಕ್ಕಿಯ ಗುರುತನ್ನು ಲೋಹದ ತಗಡಿನ ಮೇಲೆ ಇಳಿಸಿ, ವಿದ್ಯುತ್ ಹರಿಯುವ ಜಾಗ, ಹರಿಯದ ಜಾಗ ಅಂತ ಬೇರ್ಪಡಿಸಿದರೆ ಯಂತ್ರವೇ ಕಾರ್ಡಿಗೆ ತೂತು ಹೊಡೆಯುತ್ತದೆ. ವಿದ್ಯುತ್ತಿನ ಭಾಗ ಪೂರ್ತಿ ಹೊಸದೇನಲ್ಲ. 1850ರ ದಶಕದಲ್ಲೇ ಇಟಲಿಯ ಗೇಟಾನೊ ಬೊನೆಲ್ಲಿ ಲೋಹದ ಹಾಳೆಯ ಮೇಲೆ ವಾರ್ನಿಷ್‌ನಲ್ಲಿ ಚಿತ್ರ ಬರೆದು, ವಿದ್ಯುತ್ ಅಯಸ್ಕಾಂತದಿಂದ ಮಗ್ಗ ನಡೆಸಲು ನೋಡಿದ್ದ. ಆದರೆ ಅವನ ಹಾಳೆಯ ಮೇಲೂ ಚಿತ್ರವನ್ನು ಕೈಯಿಂದಲೇ ಬರೆಯಬೇಕಿತ್ತು. ಶ್ಚೆಪಾನಿಕ್ ಕುಂಚ ಹಿಡಿದ ಆ ಕೈಯನ್ನೇ ತೆಗೆದುಹಾಕಲು ಹೊರಟ.

ಆಗ ವಿಯೆನ್ನಾದಲ್ಲಿ ಅಮೆರಿಕದ ಬರಹಗಾರ ಮಾರ್ಕ್ ಟ್ವೇನ್ ಇದ್ದ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ದುಡ್ಡು ಸುರಿದು ಕೆಲವೇ ವರ್ಷದ ಹಿಂದೆ ದಿವಾಳಿಯಾಗಿದ್ದವನು. ಯಂತ್ರ ಅಂದರೆ ಮತ್ತೆ ಕಣ್ಣರಳಿತು. 1898ರಲ್ಲಿ ಶ್ಚೆಪಾನಿಕ್‌ನ ಯಂತ್ರಕ್ಕೆ ಅಮೆರಿಕದ ಹಕ್ಕು ಕೊಳ್ಳಲು 15 ಲಕ್ಷ ಡಾಲರ್‌ನ ಮಾತುಕತೆಗೆ ಕೂತ. ದುಡ್ಡಿನ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳುತ್ತಿದ್ದ ಹೆನ್ರಿ ರಾಜರ್ಸ್ ಉತ್ಸಾಹ ತೋರಲಿಲ್ಲ. ವ್ಯವಹಾರ ಅಲ್ಲಿಗೇ ನಿಂತಿತು. ಟ್ವೇನ್ ಶ್ಚೆಪಾನಿಕ್ ಬಗ್ಗೆ ಪತ್ರಿಕೆಯಲ್ಲಿ ಬರೆದದ್ದಂತೂ ನಗು ತರಿಸುತ್ತದೆ. ಮೇಷ್ಟ್ರಾಗಿದ್ದರೆ ಸೈನ್ಯದ ಕಡ್ಡಾಯ ಸೇವೆಯಿಂದ ವಿನಾಯಿತಿ. ಕೆಲಸ ಬಿಟ್ಟರೆ ವಿನಾಯಿತಿಯೂ ಹೋಗುತ್ತದೆ. ಹಾಗಾಗಿ ಇಷ್ಟು ದೊಡ್ಡ ಸಂಶೋಧಕ ಎರಡು ತಿಂಗಳಿಗೊಮ್ಮೆ ಹಳ್ಳಿಗೆ ಹೋಗಿ ಅರ್ಧ ದಿನ ಪಾಠ ಮಾಡಿ ಬರಬೇಕಿತ್ತಂತೆ! ಸರ್ಕಾರಿ ನಿಯಮ ಎಲ್ಲಾ ಕಡೆ ಒಂದೇ, ಅಲ್ವಾ?

ಯಂತ್ರ ಕೆಲಸ ಮಾಡುತ್ತಿರಲಿಲ್ಲ ಅಂತಲ್ಲ. ಅದರಿಂದ ತಯಾರಾದ ನೇಯ್ಗೆ ಚಿತ್ರಗಳಿವೆ. ಆದರೆ ಜಗತ್ತಿನ ಮಗ್ಗಗಳು ಅದಕ್ಕೆ ಕಾಯುತ್ತಾ ಕೂರಲಿಲ್ಲ. 1920ರ ದಶಕದ ಆರಂಭದಲ್ಲಿ ಚೀನಾದ ಹಾಂಗ್‌ಜೌ ನಗರದ ದು ಜಿನ್‌ಶೆಂಗ್ ಅಲ್ಲಿನ ಪಶ್ಚಿಮ ಸರೋವರದ ಸುತ್ತಲಿನ ನೋಟಗಳನ್ನು ಕಪ್ಪು ಬಿಳುಪು ಫೋಟೋದಂತೆಯೇ ರೇಷ್ಮೆಯಲ್ಲಿ ನೇಯ್ದ. 1926ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಅವನ ನೇಯ್ಗೆಗೆ ಚಿನ್ನದ ಪದಕ ಬಂತು. ಫೋಟೋ ಮುಂದಿಟ್ಟುಕೊಂಡರೂ ಗ್ರಾಫ್ ತುಂಬಿದ್ದು ಕೈಯೇ. ಅಂದರೆ ಶ್ಚೆಪಾನಿಕ್ ಬಂದು ಹೋದ ಮೇಲೂ ಗ್ರಾಫ್ ಬರೆಯುವವನು ಉಳಿದುಕೊಂಡ. ಯಾಕೆ? ಉತ್ತರ ಬಟ್ಟೆಯಲ್ಲೇ ಇದೆ.

ಒಂದು ಬುಟ್ಟಾ ಬಿಡಿಸಿ ನೋಡೋಣ

ಒಂದು ಲೆಕ್ಕ ಮಾಡೋಣ. 480 ಹುಕ್ಕಿನ ಜಕಾರ್ಡ್ ಇದೆ ಅಂದುಕೊಳ್ಳಿ. ಹಾಸಿನಲ್ಲಿ ಇಂಚಿಗೆ 96 ಎಳೆ. ಹುಕ್ಕಿಗೊಂದು ಎಳೆಯಂತೆ ಕಟ್ಟಿದರೆ ಡಿಸೈನ್ ಅಗಲ ಐದು ಇಂಚು. ಹೊಕ್ಕು ಇಂಚಿಗೆ 72. ಐದು ಇಂಚು ಎತ್ತರಕ್ಕೆ 360 ಹೊಕ್ಕು, ಅಂದರೆ 360 ಕಾರ್ಡು. ಒಟ್ಟು ಚೌಕ 1,72,800. ಈಗಿನ ಸಾಧಾರಣ ಮೊಬೈಲ್ ಫೋಟೋದಲ್ಲಿ 1.2 ಕೋಟಿ ಚುಕ್ಕಿ ಇರುತ್ತವೆ. ಅದರಲ್ಲಿ ಹೂವಿನ ಭಾಗ ಚೌಕಾಕಾರವಾಗಿ ಕತ್ತರಿಸಿಕೊಂಡರೂ ಮಗ್ಗದ ಒಂದೊಂದು ಚೌಕಕ್ಕೆ ಫೋಟೋದ ಐವತ್ತು ಚುಕ್ಕಿ ಸಿಗುತ್ತವೆ. ಅಂದರೆ ವಿವರ ಸಾಲದು ಅನ್ನುವ ಸಮಸ್ಯೆಯೇ ಇಲ್ಲ. ಸಮಸ್ಯೆ ಇರುವುದು ಬೇರೆ ಕಡೆ.

ಮೊದಲನೆಯದು ಸಣ್ಣದು. ಫೋಟೋದ ಚುಕ್ಕಿ ಸರಿಯಾದ ಚೌಕ. ಮಗ್ಗದ ಚೌಕ ಹಾಗಲ್ಲ, ಅಗಲಕ್ಕಿಂತ ಎತ್ತರ ಜಾಸ್ತಿ. ಫೋಟೋವನ್ನು ಹಾಗೇ ಚುಕ್ಕಿಗೆ ಚುಕ್ಕಿ ಇಟ್ಟರೆ ದುಂಡು ಹೂವು ಕೋಳಿಮೊಟ್ಟೆಯಾಗುತ್ತದೆ. 96ಕ್ಕೆ 72ರ ಲೆಕ್ಕದಲ್ಲಿ ಚಿತ್ರವನ್ನು ಮೊದಲು ಕುಗ್ಗಿಸಿಕೊಳ್ಳಬೇಕು. ಕೈಯಿಂದ ಬರೆಯುವವರು ಇದಕ್ಕಾಗಿಯೇ ಬೇರೆ ಬೇರೆ ಅಳತೆಯ ಗ್ರಾಫ್ ಹಾಳೆ ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರ್‌ಗೆ ಇದು ಕ್ಷಣದ ಕೆಲಸ.

ಎರಡನೆಯದು ಅಷ್ಟು ಸುಲಭ ಅಲ್ಲ. ಹೂವಿನ ಒಂದು ದಳ ಒಂದು ಇಂಚು ಅಗಲ ಇದೆ, ಅದು ಪೂರ್ತಿ ಜರಿಯಲ್ಲಿ ಹೊಳೆಯಬೇಕು. ಫೋಟೋ ನೋಡಿದರೆ ಇಡೀ ದಳ ಚಿನ್ನದ ಬಣ್ಣ. ಹಾಗಂತ ಅಷ್ಟೂ ಚೌಕಕ್ಕೆ "ಜರಿ ಮೇಲೆ" ಅಂತ ಗುರುತು ಹಾಕಿದರೆ ಏನಾಗುತ್ತದೆ? ಜರಿ ಎಳೆ 96 ಹಾಸಿನ ಎಳೆ ಮೇಲೆ ಎಲ್ಲೂ ಕಟ್ಟಿಕೊಳ್ಳದೆ ಒಂದು ಇಂಚು ತೇಲುತ್ತದೆ. ಬಳೆಗೆ ಸಿಕ್ಕಿಕೊಳ್ಳುತ್ತದೆ, ಉಗುರಿಗೆ ಸಿಕ್ಕಿಕೊಳ್ಳುತ್ತದೆ, ಎರಡು ಸಲ ಉಟ್ಟರೆ ಕಿತ್ತುಬರುತ್ತದೆ. ಅದನ್ನು ನಡುನಡುವೆ ಹಾಸಿನ ಎಳೆಯಿಂದ ಅದುಮಿ ಹಿಡಿಯಬೇಕು. ಎಲ್ಲಿ ಅದುಮಬೇಕು ಅನ್ನುವುದೇ ಕಸುಬು. ಎಂಟು ಎಳೆಗೊಂದು ಕಟ್ಟು ಹಾಕಿ, ಆ ಕಟ್ಟುಗಳು ಒಂದರ ಪಕ್ಕ ಒಂದು ಬರದಂತೆ ಚದುರಿಸಿದರೆ ಸ್ಯಾಟಿನ್, ಮೇಲ್ಮೈ ನುಣ್ಣಗೆ ಹೊಳೆಯುತ್ತದೆ. ಕಟ್ಟುಗಳನ್ನು ಒಂದೊಂದೇ ಎಳೆ ಸರಿಸುತ್ತಾ ಹೋದರೆ ಓರೆ ಗೆರೆ ಕಾಣುತ್ತದೆ. ದಳದ ನಾರಿನ ದಿಕ್ಕಿಗೆ ಆ ಓರೆ ಹೊಂದಿದರೆ ಹೂವಿಗೆ ಜೀವ ಬರುತ್ತದೆ, ಹೊಂದದಿದ್ದರೆ ಹೂವು ಚಪ್ಪಟೆ. ಅಂಚಿನ ಹತ್ತಿರ ಕಟ್ಟು ಬಿದ್ದರೆ ದಳದ ಗೆರೆ ಹಲ್ಲು ಹಲ್ಲಾಗುತ್ತದೆ. ಹಾಗಾಗಿ ಅಂಚಿನಲ್ಲಿ ಒಂದೊಂದು ಚೌಕ ಕೈಯಿಂದಲೇ ತಿದ್ದಬೇಕು.

ಮೂರನೆಯದು ನೆರಳು. ಕಪ್ಪು ಬಿಳುಪು ಫೋಟೋದಲ್ಲಿ 256 ಹಂತದ ಬೂದು ಇರುತ್ತದೆ. ಕಪ್ಪು ಹಾಸು, ಬಿಳಿ ಹೊಕ್ಕು ಇಟ್ಟುಕೊಂಡು ಎಂಟರ ಸ್ಯಾಟಿನ್‌ನಲ್ಲಿ ನೇಯ್ದರೆ, ಎಂಟರಲ್ಲಿ ಒಂದು ಎಳೆ ಮೇಲೆ ಅನ್ನುವುದರಿಂದ ಎಂಟರಲ್ಲಿ ಏಳು ಎಳೆ ಮೇಲೆ ಅನ್ನುವವರೆಗೆ ಏಳೇ ಏಳು ಹಂತ. 256ನ್ನು ಏಳಕ್ಕೆ ಇಳಿಸುವಾಗ ಏನು ಬಿಡಬೇಕು, ಏನು ಉಳಿಸಬೇಕು? ಮುಖದ ಚಿತ್ರವಾದರೆ ಕೆನ್ನೆಯ ನೆರಳು ಬಿಡಬಹುದು, ಕಣ್ಣಿನ ಮಿಂಚು ಬಿಡುವಂತಿಲ್ಲ. ಶ್ಚೆಪಾನಿಕ್‌ನ ಜಾಲರಿ ಎಲ್ಲಾ ಜಾಗವನ್ನೂ ಒಂದೇ ಕಣ್ಣಲ್ಲಿ ನೋಡುತ್ತಿತ್ತು. ಫೋಟೋ ಚಿತ್ರ ಕೊಡುತ್ತದೆ, ಬಟ್ಟೆ ಕೊಡುವುದಿಲ್ಲ. ನಡುವಿನ ತೀರ್ಮಾನಗಳಿಗೆ ಮನುಷ್ಯ ಬೇಕಿತ್ತು. ಆ ಮನುಷ್ಯ ಹೇಗೂ ಬೇಕು ಅಂದಮೇಲೆ, ದುಬಾರಿ ಯಂತ್ರ ಯಾಕೆ ಅಂತ ಕಾರ್ಖಾನೆಯವರು ಕೇಳಿದ್ದರೆ ಅದರಲ್ಲಿ ತಪ್ಪೇನಿಲ್ಲ.

ತಿಂಗಳಿಂದ ಗಂಟೆಗೆ

ಎರಡು ಬದಲಾವಣೆ ಆ ಲೆಕ್ಕವನ್ನು ತಲೆಕೆಳಗು ಮಾಡಿದವು. ಒಂದು, 1983ರಲ್ಲಿ ಬ್ರಿಟನ್ನಿನ ಬೋನಾಸ್ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡ್ ತಂದಿತು. ರಟ್ಟಿನ ಕಾರ್ಡು ಹೋಯಿತು. ಈಗ ಒಂದು ಯಂತ್ರದಲ್ಲಿ 2,688 ಹುಕ್ಕು ಇರುವುದು ಮಾಮೂಲಿ. ಕಾರ್ಡಿನ ಖರ್ಚೇ ಇಲ್ಲದ ಮೇಲೆ ಡಿಸೈನ್ ಎಷ್ಟು ಉದ್ದ ಇದ್ದರೂ ಒಂದೇ. ಹಿಂದೆ ಒಂದು ಡಿಸೈನ್‌ಗೆ ಕಾರ್ಡು ಹೊಡೆಸಿದ ಮೇಲೆ ಆ ದುಡ್ಡು ವಾಪಸ್ ಬರುವವರೆಗೂ ಅದೇ ಡಿಸೈನ್ ನೇಯಬೇಕಿತ್ತು. ಈಗ ಹತ್ತು ಸೀರೆ ನೇಯ್ದು ಬಿಡಬಹುದು.

ಎರಡನೆಯದು ಸಾಫ್ಟ್‌ವೇರ್. ಮೇಲೆ ಹೇಳಿದ ಕಟ್ಟುಗಳ ವಿದ್ಯೆ ಅದರೊಳಗೆ ಸಿದ್ಧ ಮಾದರಿಗಳಾಗಿ ಕೂತಿದೆ. ಈ ಬಣ್ಣಕ್ಕೆ ಈ ಸ್ಯಾಟಿನ್, ಆ ಬಣ್ಣಕ್ಕೆ ಆ ಓರೆ ಅಂತ ಆರಿಸಿದರೆ ಸಾಕು, ತೇಲುವ ಎಳೆ ಎಲ್ಲಿ ಉದ್ದವಾಯಿತು ಅಂತ ಅದೇ ಗುರುತು ಹಾಕಿ ತೋರಿಸುತ್ತದೆ. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಸಣ್ಣ ನೇಕಾರರ ಕೈಗೆಟಕುವುದಿಲ್ಲ ಅಂತ ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ 'ಡಿಜಿಬುನಾಯಿ' ಅನ್ನುವ ಮುಕ್ತ ತಂತ್ರಾಂಶವನ್ನೇ ಮಾಡಿಸಿದೆ. ಒಳ್ಳೆಯ ಕೆಲಸ, ಅನುಮಾನ ಇಲ್ಲ. ಆದರೆ ಸ್ವಂತ ಡಿಸೈನ್ ಮಾಡುವವರಿಗೆ ಸಿಕ್ಕ ಸಲಕರಣೆ ನಕಲು ಮಾಡುವವರಿಗೂ ಸಿಕ್ಕೇ ಸಿಗುತ್ತದೆ.

ಇದರ ಇನ್ನೊಂದು ಮುಖವೂ ಇದೆ, ಅದನ್ನು ಮರೆತು ಬರೀ ಗೋಳು ಹೇಳುವುದು ಸರಿಯಲ್ಲ. ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ದಾಗೆರ್ ಕಾಲದ ವಿಧಾನದಲ್ಲೇ ಮುಖಗಳ ಫೋಟೋ ತೆಗೆದು, ಅವನ್ನು ಗೋಡೆಗಾತ್ರದ ಜಕಾರ್ಡ್ ನೇಯ್ಗೆಯಾಗಿ ಮಾಡಿಸಿದ. ಕ್ಯಾಲಿಫೋರ್ನಿಯಾದಲ್ಲಿ ಫೈಲು ತಯಾರಿ, ಬೆಲ್ಜಿಯಂನಲ್ಲಿ ನೇಯ್ಗೆ. ಕೆಲವೇ ಬಣ್ಣದ ಎಳೆಗಳನ್ನು ಬೇರೆ ಬೇರೆ ಥರ ಬೆರೆಸಿ ನೂರಾರು ಛಾಯೆ ತರುವುದಕ್ಕೆ ಅಲ್ಲಿ ಪಟ್ಟ ಪಾಡು ನೋಡಿದರೆ, ಫೋಟೋ ಮತ್ತು ಮಗ್ಗ ಸೇರಿದಾಗ ಹೊಸ ಕಲೆ ಹುಟ್ಟುತ್ತದೆ ಅನ್ನುವುದು ಗೊತ್ತಾಗುತ್ತದೆ. 1839ರ ಎರಡು ವಿದ್ಯೆಗಳೂ ಅಲ್ಲಿ ಒಂದೇ ಬಟ್ಟೆಯಲ್ಲಿವೆ.

ಆದರೆ ಸೀರೆ ಮಾರುಕಟ್ಟೆಯಲ್ಲಿ ಆಗುತ್ತಿರುವುದು ಅದಲ್ಲ. ಬನಾರಸ್‌ನ ಡಿಸೈನ್ ಸೂರತ್ತಿನ ಪವರ್‌ಲೂಮ್‌ಗೆ ಹೋಗಿ ಅಗ್ಗದ ದಾರದಲ್ಲಿ ವಾಪಸ್ ಬರುವುದು ಹಳೆಯ ಕಥೆ. ಈಗ ಅದಕ್ಕೆ ವೇಗ ಬಂದಿದೆ. ನೇಯುವುದೂ ಬೇಡ ಅನ್ನುವವರಿಗೆ ಡಿಜಿಟಲ್ ಪ್ರಿಂಟ್ ಇದೆ. ಹಿಂದೆ ಒಂದು ಡಿಸೈನ್ ನಕಲು ಮಾಡಬೇಕು ಅಂದರೆ ಸೀರೆ ಕೊಂಡು ತರಬೇಕು, ಭೂತಗನ್ನಡಿ ಇಟ್ಟು ಎಳೆ ಎಣಿಸಬೇಕು, ಗ್ರಾಫ್ ಬರೆಯಬೇಕು, ಕಾರ್ಡು ಹೊಡೆಸಬೇಕು. ಅಷ್ಟರಲ್ಲಿ ಒಂದು ಮದುವೆ ಸೀಸನ್ ಮುಗಿದಿರುತ್ತಿತ್ತು. ಮೊದಲು ನೇಯ್ದವನು ಅಷ್ಟರೊಳಗೆ ನಾಲ್ಕು ಕಾಸು ಮಾಡಿಕೊಂಡಿರುತ್ತಿದ್ದ. ಆ ಒಂದು ಸೀಸನ್ನೇ ಅವನ ಕಾಪಿರೈಟ್ ಆಗಿತ್ತು ಅಂದರೂ ತಪ್ಪಿಲ್ಲ. ಫೋಟೋ ಕಸಿದುಕೊಂಡಿದ್ದು ಅದನ್ನು.

ಫೋಟೋಗೆ ಸಿಗದ್ದು

ಹಾಗಾದರೆ ಏನೂ ಉಳಿದಿಲ್ಲವೇ? ಇಳಕಲ್ ಸೀರೆ ನೋಡಿ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ತೋಪು ತೆನೆ, ಹಣಿಗೆ, ಕೋಟೆಯ ತೆನೆಗಟ್ಟಿನಂಥ ಗೆರೆ. ಫೋಟೋದಲ್ಲಿ ಇಷ್ಟೇ ಕಾಣುವುದು. ಇದನ್ನು ಕಂಪ್ಯೂಟರ್‌ನಲ್ಲಿ ಗ್ರಾಫ್ ಮಾಡುವುದು ಚುಕ್ಕಿ ಎಣಿಸಿ ರಂಗೋಲಿ ಹಾಕಿದಷ್ಟೇ ಸಲೀಸು. ಆದರೆ ಆ ಸೀರೆಯ ಗುಟ್ಟು ಗೆರೆಗಳಲ್ಲಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲಾದರೂ ಸೆರಗು ರೇಷ್ಮೆ. ಎರಡು ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಸೆರಗಿನ ಕೆಂಪು ಅಪ್ಪಟ ಕೆಂಪಾಗಿಯೇ ಇರುತ್ತದೆ, ಒಡಲಿನ ಹಾಸಿನ ಬಣ್ಣ ಅದರೊಳಗೆ ಇಣುಕುವುದಿಲ್ಲ. ಒಂದು ಸೀರೆಗೆ ಒಂದು ಸಲ ಈ ಕೊಂಡಿ. ನೂರಾರು ಮೀಟರ್ ಉದ್ದದ ಒಂದೇ ಹಾಸು ಸುತ್ತಿಟ್ಟು ಬಿಡುವಿಲ್ಲದೆ ಓಡುವ ಪವರ್‌ಲೂಮ್‌ಗೆ ಇದು ಒಗ್ಗುವುದಿಲ್ಲ. ಅದು ಹೊಕ್ಕನ್ನಷ್ಟೇ ಕೆಂಪು ಮಾಡಿ ಸೆರಗು ಮುಗಿಸುತ್ತದೆ.

ಕೈಯಲ್ಲಿ ಹಿಡಿದು, ಸೆರಗು ಶುರುವಾಗುವ ಕಡೆ ಬಟ್ಟೆ ತಿರುಗಿಸಿ ಹಿಂಬದಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಮೊಬೈಲ್ ತೆರೆಯ ಮೇಲೆ ಎರಡೂ ಒಂದೇ. ಈಗ ಸೀರೆ ಮಾರಾಟ ಆಗುವುದೂ ಅದೇ ತೆರೆಯ ಮೇಲೆ! ಅಂದರೆ ಫೋಟೋ ಎರಡು ಕಡೆಯಿಂದ ಹೊಡೆಯುತ್ತದೆ. ಡಿಸೈನ್ ಕದಿಯಲೂ ಅದೇ, ಕದ್ದ ಮಾಲು ಅಸಲಿನಂತೆ ತೋರಿಸಲೂ ಅದೇ. ನನ್ನ ಪ್ರಕಾರ ಎರಡನೆಯ ಏಟೇ ಜೋರು. ಕೊಂಡಿಯ ಗುಟ್ಟನ್ನು ಯಾರೂ ಕದಿಯಬೇಕಾಗಿಲ್ಲ, ಅದು ಇಲ್ಲ ಅನ್ನುವುದು ಗಿರಾಕಿಗೆ ಗೊತ್ತಾಗದಿದ್ದರೆ ಸಾಕು.

ಕಾನೂನಿನಲ್ಲಿ 50 ಅನ್ನುವ ಸಂಖ್ಯೆ

ಇಳಕಲ್ ಸೀರೆಗೆ, ಮೊಳಕಾಲ್ಮೂರು ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಜಿಐ ಕಾಯುವುದು ಮುಖ್ಯವಾಗಿ ಹೆಸರನ್ನು. ಬೇರೆ ಊರಲ್ಲಿ ನೇಯ್ದು "ಇಳಕಲ್" ಅಂತ ಮಾರಿದರೆ ತಪ್ಪು. ಅದೇ ಗೆರೆಗಳನ್ನು ನೇಯ್ದು ಇನ್ನೊಂದು ಹೆಸರಿಟ್ಟು ಮಾರಿದರೆ ಜಿಐ ಹೆಚ್ಚೇನೂ ಮಾಡಲಾರದು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಇನ್ನೊಂದು. ಸೀರೆಯೂ ಸೇರಿ 11 ಬಗೆಯ ಬಟ್ಟೆಗಳನ್ನು, ಕಾಯ್ದೆಯಡಿ ಹೇಳಿದ ಲಕ್ಷಣಗಳಿದ್ದರೆ, ಕೈಮಗ್ಗದಲ್ಲಿ ಮಾತ್ರ ನೇಯಬೇಕು. ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕಾಯ್ದೆ ಗಟ್ಟಿಯಾಗಿದೆ, ಜಾರಿ ಸಡಿಲ. ಪ್ರಿಂಟ್ ಮಾಡಿದರೆ ಅದು ನೇಯ್ಗೆಯೇ ಅಲ್ಲ, ಹಾಗಾಗಿ ಈ ಕಾಯ್ದೆಯ ಕೈಗೆ ಸಿಗುವುದೂ ಇಲ್ಲ.

ಹೊಸ ಡಿಸೈನ್ ಮಾಡಿದವರ ಪಾಡು ಇನ್ನೂ ವಿಚಿತ್ರ. ಚಿತ್ರ ಬರೆದರೆ ಕಾಪಿರೈಟ್ ತಾನಾಗಿ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಬೇರೆಯೇ ಹೇಳುತ್ತದೆ. ಡಿಸೈನ್ ಆಗಿ ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ ಬಿಟ್ಟು, ಅದನ್ನು ಬಳಸಿದ ವಸ್ತುವನ್ನು ಹಕ್ಕುದಾರರೋ ಅವರ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಜಾಸ್ತಿ ಸಲ ತಯಾರಿಸಿದರೆ ಆ ಡಿಸೈನ್ ಮೇಲಿನ ಕಾಪಿರೈಟ್ ಮುಗಿಯಿತು. 2009ರಲ್ಲಿ ದಿಲ್ಲಿ ಹೈಕೋರ್ಟ್ ಸೋಫಾ ಬಟ್ಟೆಯ ಹೂವಿನ ಡಿಸೈನ್ ಕುರಿತ ಮೊಕದ್ದಮೆಯಲ್ಲಿ ಇದೇ ದಾರಿ ಹಿಡಿಯಿತು. ಬಟ್ಟೆಗೆ ಅಂತಲೇ ಮಾಡಿದ ಡಿಸೈನ್‌ಗೆ ಡಿಸೈನ್ ಕಾಯ್ದೆಯ ಅಡಿಯಲ್ಲೇ ರಕ್ಷಣೆ ಪಡೆಯಬೇಕು ಅನ್ನುವುದು ಅದರ ಸಾರ. ಕೈಮಗ್ಗ ಅಂದರೆ ಕಾರ್ಖಾನೆ ಅಲ್ಲವಲ್ಲ ಅಂತ ತಪ್ಪಿಸಿಕೊಳ್ಳಲೂ ಕಷ್ಟ. 2000ದ ಡಿಸೈನ್ ಕಾಯ್ದೆ ಕೈಯಿಂದ ಮಾಡಿದ್ದನ್ನೂ, ಯಂತ್ರದಿಂದ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತದೆ. ಐವತ್ತು ಸೀರೆ ದಾಟಲು ಪವರ್‌ಲೂಮ್‌ಗೆ ಎಷ್ಟು ಹೊತ್ತು? ಕೈಮಗ್ಗದ ಒಂದು ಮನೆಯೂ ಒಂದು ಒಳ್ಳೆಯ ಡಿಸೈನ್‌ನಲ್ಲಿ ಐವತ್ತು ದಾಟಿಯೇ ದಾಟುತ್ತದೆ. ಡಿಸೈನ್ ಗೆದ್ದ ಕೂಡಲೇ ರಕ್ಷಣೆ ಹೋಗುತ್ತದೆ, ಸೋತರೆ ಉಳಿಯುತ್ತದೆ. ಇದೆಂಥ ಲೆಕ್ಕ!

ಹಾಗಾದರೆ ನೋಂದಾಯಿಸಿದರೆ ಆಯಿತಲ್ಲ? ಮಾಡಬಹುದು. ಅರ್ಜಿ ಕೋಲ್ಕತ್ತಾದ ಕಚೇರಿಗೆ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ವ್ಯಕ್ತಿಗಳಿಗೆ ಶುಲ್ಕ 1,000 ರೂಪಾಯಿ. ನೋಂದಣಿಯಾದರೆ 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ. ಆದರೆ ತಿಂಗಳಿಗೆ ಎರಡು ಮೂರು ಡಿಸೈನ್ ಬದಲಿಸುವವರು ಒಂದೊಂದಕ್ಕೂ ಅರ್ಜಿ ಹಾಕುತ್ತಾ ಕೂರುತ್ತಾರಾ? ಸಾಂಪ್ರದಾಯಿಕ ಬುಟ್ಟಾ, ಅಂಚುಗಳಿಗಂತೂ ಈ ಬಾಗಿಲೇ ಇಲ್ಲ, ಯಾಕೆಂದರೆ ಅವು ಹೊಸವಲ್ಲ. ಡಿಸೈನ್ ಹೊಸದಾಗಿರಬೇಕು, ಮೊದಲೇ ಎಲ್ಲೂ ಪ್ರಕಟವಾಗಿರಬಾರದು ಅನ್ನುವುದು ಮೊದಲ ಷರತ್ತು.

ಎಐ ಬಂದ ಮೇಲೆ ಈ ಗೋಜಲಿಗೆ ಇನ್ನೊಂದು ಗಂಟು ಬಿದ್ದಿದೆ. "ಮಾವಿನಕಾಯಿ ಬುಟ್ಟಾ, ನವಿಲು, ಹಳೆ ಬನಾರಸ್ ಥರ" ಅಂತ ಟೈಪ್ ಮಾಡಿದರೆ ಚಿತ್ರ ಬಂದುಬಿಡುತ್ತದೆ. ಸದ್ಯಕ್ಕೆ ಆ ಚಿತ್ರವೂ ಬರೀ ಫೋಟೋದಂತೆಯೇ. ಎಡದ ನವಿಲು, ಬಲದ ನವಿಲು ಒಂದೇ ಅಳತೆಯಲ್ಲಿರುವುದಿಲ್ಲ, ಒಂದು ಬುಟ್ಟಾದ ಅಂಚು ಇನ್ನೊಂದಕ್ಕೆ ಸೇರುವುದಿಲ್ಲ, ಕಟ್ಟುಗಳ ಲೆಕ್ಕ ಅದಕ್ಕೆ ಗೊತ್ತಿಲ್ಲ. ಗ್ರಾಫ್ ಮಾಡುವ ಹುಡುಗನ ಕೆಲಸ ಹಾಗೇ ಇದೆ. ಕಂಪ್ಯೂಟರ್ ಮಾಡಿದ ಕೃತಿಗೆ, ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ ಅಂತ ನಮ್ಮ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಟೈಪ್ ಮಾಡಿದವರೇ? ಆ ಯಂತ್ರಕ್ಕೆ ಸಾವಿರಾರು ಸೀರೆಗಳ ಫೋಟೋ ಉಣಿಸಿದವರೇ? ಸೀರೆಗಳನ್ನು ನೇಯ್ದವರ ಹೆಸರು ಮಾತ್ರ ಯಾವ ಸಾಲಿನಲ್ಲೂ ಇಲ್ಲ.

ದೊಡ್ಡ ಪ್ರಶ್ನೆಗಳಿಗೆ ಕೋರ್ಟು, ಸಂಸತ್ತು ಉತ್ತರ ಹುಡುಕಲಿ. ಸ್ವಂತ ಡಿಸೈನ್ ಮಾಡುವ ಸಣ್ಣ ನೇಕಾರರಿಗೆ, ಬುಟೀಕ್ ಇಟ್ಟುಕೊಂಡವರಿಗೆ ಇವತ್ತೇ ತಿಳಿದಿರಬೇಕಾದ ಮಾತು ಒಂದಿದೆ. ಹೊಸ ಸೀರೆ ಮಗ್ಗದಿಂದ ಇಳಿದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಚೆನ್ನಾಗಿ ಹರಡಿ, ಬಿಸಿಲಿಗೆ ಹಿಡಿದು, ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುವುದು. ಗಿರಾಕಿ ಬರುವುದೇ ಅಲ್ಲಿಂದ, ಹಾಕದೆ ಇರಲಾಗುವುದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಅದು ಪ್ರಕಟಣೆ. ಪ್ರಕಟವಾದ ಡಿಸೈನ್ ಹೊಸದಲ್ಲ, ಹೊಸದಲ್ಲದ್ದಕ್ಕೆ ನೋಂದಣಿ ಇಲ್ಲ. ಮುಂದೆ ಯಾರಾದರೂ ನಕಲು ಮಾಡಿ, ನೀವು ಕೇಸು ಹಾಕಿದರೆ, ಎದುರು ಪಕ್ಷದ ವಕೀಲರು ನಿಮ್ಮದೇ ಆ ಹಳೆಯ ಪೋಸ್ಟನ್ನು ತಾರೀಖಿನ ಸಮೇತ ತೋರಿಸಬಹುದು. ಆದ್ದರಿಂದ ಮೊದಲು ಅರ್ಜಿ ಸಲ್ಲಿಸಿ, ಅರ್ಜಿ ನಂಬರು ಕೈಗೆ ಬರಲಿ, ಆಮೇಲೆ ಫೋಟೋ ಹಾಕಿ.